ಮಂಡಿಗೆ ಮಾಡಿದ ಬಾಣಂತನ

ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುತ್ತಾ ಕೂತಿದ್ದಾಗ ಪಕ್ಕದ ಹೆಂಗಸಿನ ಬುಟ್ಟಿಯಿಂದ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆಯ ವಾಸನೆ ಬಂತು. ಮಗಳ ಬಾಣಂತನಕ್ಕೆ ಹೊರಟವಳಿರಬೇಕು. ಆ ವಾಸನೆಗೆ ಬೇರೆಯವರಿಗೆ ತಾಯಿ ನೆನಪಾಗಬಹುದು, ತವರು ನೆನಪಾಗಬಹುದು. ನನಗೆ ಹೊಟ್ಟೆ ಉರಿಯಿತು. ಉರಿದದ್ದು ಸೆಲ್ವಿಯ ಮೇಲೆ. ಅವಳು ನನಗೆ ಕೇಡು ಮಾಡಿದವಳಲ್ಲ. ನಮ್ಮಜ್ಜಿಯ ಕಾಲು ಒತ್ತಿದಳು, ಅಷ್ಟೆ. ಅಷ್ಟಕ್ಕೆಲ್ಲ ಹೊಟ್ಟೆ ಉರಿಯಬಾರದು ಎಂದು ಯಾರಾದರೂ ವಾದಿಸುವುದಾದರೆ ಬನ್ನಿ, ನಾನು ವಿರೋಧ ಪಕ್ಷದಲ್ಲಿ ನಿಲ್ಲುತ್ತೇನೆ.

ಅದು ತೊಂಬತ್ತರ ದಶಕದ ಮಧ್ಯದ ಒಂದು ಆಷಾಢ. ಚಿನ್ನದ ಗಣಿಯ ಕೆಲಸ ಇನ್ನೂ ನಡೆಯುತ್ತಿತ್ತು. ಗಣಿ ಮುಚ್ಚುತ್ತಾರಂತೆ ಎಂಬ ಸುದ್ದಿಯೂ ಅದರ ಜೊತೆಗೇ ನಡೆಯುತ್ತಿತ್ತು. ಅಪ್ಪ ಗಣಿಯಲ್ಲಿ ಫಿಟ್ಟರು. ಅಮ್ಮ ಬಾಲವಾಡಿಯ ಟೀಚರು. ಉರಿಗಾಂನಲ್ಲಿ ನಮ್ಮ ಕ್ವಾರ್ಟರ್ಸು. ಆಷಾಢ ಬಂತೆಂದರೆ ಅಲ್ಲಿ ಮಳೆಗಿಂತ ಮೊದಲು ಗಾಳಿ. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ದಿಬ್ಬಗಳಿಂದ ಬೂದು ಪುಡಿ ಎದ್ದು ಬಂದು ಅನ್ನದ ತಟ್ಟೆಯಲ್ಲಿ, ತಲೆದಿಂಬಿನಲ್ಲಿ, ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಕಪ್ಪುಗಳ ಒಳಗೆ ಕೂರುತ್ತಿತ್ತು. ಕಪ್ಪುಗಳು ಕಡಿಮೆಯೇನೂ ಇರಲಿಲ್ಲ. ಬಂಗಾರಪೇಟೆಯ ನನ್ನ ಕಾಲೇಜಿನಲ್ಲಿ, ಪರವೋ ವಿರೋಧವೋ ಎಂದೂ ಕೇಳದೆ ಮೊದಲು ನನ್ನ ಹೆಸರು ಬರೆದುಕೊಳ್ಳುತ್ತಿದ್ದರು. "ನಿಂಗೆ ಶಾಂತಾ ಅಂತ ಎಸ್ರಿಟ್ಟೋನು ನಾನೇ. ಇನ್ ಯಾರತ್ರ ಏಳ್ಕಳ್ಳಿ?" ಎಂದು ಅಪ್ಪ ನಗುತ್ತಿದ್ದರು.

ಅಜ್ಜಿ ಎಂದರೆ ಅಪ್ಪನ ತಾಯಿ, ನಾರಾಯಣಮ್ಮ. ಬಂಗಾರಪೇಟೆಯಿಂದ ಬಸ್ಸಿನಲ್ಲಿ ಸ್ವಲ್ಪ ದೂರದ ಹಳ್ಳಿಯಲ್ಲಿ ಅವಳ ಮನೆ, ಅವಳ ಹೊಲ, ಎಲ್ಲಕ್ಕಿಂತ ಹೆಚ್ಚಾಗಿ ಅವಳ ಹಸು ಕೆಂದಿ. ಜೀವನವಿಡೀ ತುದಿಗಾಲಲ್ಲಿ ಕೂತು, ತಂಬಿಗೆಯನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಹಾಲು ಕರೆದವಳು. ಎಡಮಂಡಿ ಮೊದಲು ಸವೆಯಿತು. ಕಾಲು ಬಿಲ್ಲಿನಂತೆ ಬಾಗಿತು. "ಮಂಡಿಯೊಳ್ಗೆ ಯಾರೋ ಕೂತು ರಾಗಿ ಬೀಸ್ತವ್ರೆ ಕಣೇ" ಎನ್ನುತ್ತಿದ್ದಳು. ನಾಟಿ ಲೇಪ, ಬಿಸಿ ಉಪ್ಪಿನ ಕಾವು, ಮಂಡಿಗೆ ಹಾಕುವ ಸೂಜಿ ಎಲ್ಲ ಮುಗಿದ ಮೇಲೆ ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಮಂಡಿ ಬದಲಿಸಬೇಕು ಎಂದರು. ಆ ಕಾಲಕ್ಕೆ ನಮ್ಮ ಕಡೆ ಅದನ್ನು ಮಾಡಿಸಿಕೊಂಡವರನ್ನು ಯಾರೂ ಕಂಡಿರಲಿಲ್ಲ. ಕಾಲನ್ನೇ ಕತ್ತರಿಸಿ ಕಬ್ಬಿಣದ್ದು ಜೋಡಿಸುತ್ತಾರೆ ಎಂದು ಊರೆಲ್ಲ ನಂಬಿತ್ತು. ನಾನು ಡಾಕ್ಟರನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ತಿಳಿದುಕೊಂಡು ಬಂದು ಅಜ್ಜಿಗೆ ಹೇಳಿದೆ: ಕಾಲು ಕಾಲೇ ಇರುತ್ತದೆ, ಮೂಳೆಯ ತುದಿಯಲ್ಲಿ ಸವೆದ ಭಾಗವನ್ನಷ್ಟೇ ಕೆತ್ತಿ ಲೋಹದ ಟೋಪಿ ಹಾಕುತ್ತಾರೆ, ನಡುವೆ ಪ್ಲಾಸ್ಟಿಕ್ಕಿನ ಮೆತ್ತೆ ಇಡುತ್ತಾರೆ. ಒಂದು ಇಡೀ ಸಂಜೆ ವಾದ ನಡೆಯಿತು. ಕೊನೆಗೆ ಅವಳು, "ನಮ್ ಶಾಂತಾ ಏಳಿದ್ಮೇಲೆ ಮುಗೀತು. ಕುಯ್ಲಿ" ಎಂದಳು. ನನಗೆ ಸಿಕ್ಕ ಕಪ್ಪುಗಳಲ್ಲಿ ಅದೇ ದೊಡ್ಡದು. ಅದನ್ನು ನೆನಪಿಡಿ, ಆಮೇಲೆ ಸೆಲ್ವಿ ಕಿತ್ತುಕೊಂಡದ್ದು ಅದನ್ನೇ.

ಆಪರೇಷನ್ನಿಗೆ ಮೊದಲು ರಕ್ತ, ಸಕ್ಕರೆ, ಹೃದಯ ಎಲ್ಲ ನೋಡಿದರು. ಬಾಯಿ ತೆರೆಸಿ ನೋಡಿ, ಹುಳುಕು ಹಲ್ಲೊಂದನ್ನು ಮೊದಲು ಕೀಳಿಸಿಕೊಂಡು ಬನ್ನಿ ಎಂದರು; ಅಲ್ಲಿನ ಕೀವು ರಕ್ತದಲ್ಲಿ ಸೇರಿ ಹೊಸ ಮಂಡಿಗೆ ಇಳಿದುಬಿಟ್ಟರೆ ಮಾಡಿದ್ದೆಲ್ಲ ಹಾಳು. ಅಜ್ಜಿಗೆ ರೇಗಿತು. "ಮಂಡಿ ನೋವು ಅಂತ ಬಂದ್ರೆ ಅಲ್ಲು ಕೀಳ್ತವ್ರೆ. ಅಲ್ಲು ನೋವು ಅಂತ ಬಂದಿದ್ರೆ ಏನ್ ಕೀಳ್ತಿದ್ರೋ!"

ಆಸ್ಪತ್ರೆಯಲ್ಲಿದ್ದಷ್ಟು ದಿನ ಅಜ್ಜಿ ಪೂರ್ತಿ ನನ್ನವಳಾಗಿದ್ದಳು. ಕಾಲೇಜಿಗೆ ರಜೆ ಹಾಕಿ ಜೊತೆಗಿದ್ದೆ. ಇನ್ನೂ ಅಮಲು ಇಳಿಯುತ್ತಿರುವಾಗಲೇ ವ್ಯಾಯಾಮ ಕಲಿಸುವ ಮೇಡಂ ಬಂದು ಪಾದ ಮೇಲೆ ಕೆಳಗೆ ಆಡಿಸಿ ಎಂದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು. ಆಮೇಲೆ ವಾಕರ್ ಹಿಡಿಸಿ ಎಬ್ಬಿಸಿ ನಿಲ್ಲಿಸಿದರು. ಮನೆಗೆ ಹೊರಡುವ ದಿನ ಡಾಕ್ಟರು ನನ್ನನ್ನೇ ಕರೆದು ಹೇಳಿದರು: "ಹೊಸ ಮಂಡಿ ಹಾಕೋದು ನಮ್ಮ ಕೆಲಸ, ಅದನ್ನ ಬಗ್ಗಿಸೋದು ನಿಮ್ಮ ಕೆಲಸ. ಮಂಡಿ ಕೆಳಗೆ ದಿಂಬು ಇಡಬೇಡಿ. ಸುಖವಾಗಿರತ್ತೆ, ಆದರೆ ಹಾಗೇ ಮಡಚಿಕೊಂಡು ಹಿಡಿದುಬಿಡತ್ತೆ. ಇಡಲೇಬೇಕು ಅಂದ್ರೆ ಹಿಮ್ಮಡಿ ಕೆಳಗೆ ಇಡಿ. ನೋವಿನ ಮಾತ್ರೆ ಕೊಟ್ಟು, ಅದು ಹತ್ತಿದ ಮೇಲೆ ವ್ಯಾಯಾಮ ಮಾಡಿಸಿ. ಊದಿದರೆ ಬಟ್ಟೇಲಿ ಸುತ್ತಿ ಐಸು. ಎಣ್ಣೆ ಹಾಕಿ ನೀವೋದು ಬೇಡ. ಗಾಯ ಸೋರಿದರೆ, ಜ್ವರ ಬಂದರೆ, ಮೀನಖಂಡ ಊದಿ ನೋಯೋಕೆ ಶುರುವಾದರೆ ಕಾಯಬೇಡಿ, ಬಂದುಬಿಡಿ." ಅಜ್ಜಿ ಡಾಕ್ಟರ ಮುಖ ನೋಡಲೇ ಇಲ್ಲ. ನನ್ನ ಮುಖ ನೋಡುತ್ತಾ ತಲೆಯಾಡಿಸಿದಳು.

ಹಳ್ಳಿಯ ಮನೆಯಲ್ಲಿ ಕಕ್ಕಸು ಇರಲಿಲ್ಲವಾದ್ದರಿಂದ ಅವಳನ್ನು ಉರಿಗಾಂಗೆ ಕರೆತಂದೆವು. ಅಪ್ಪ ಹಳೇ ಕುರ್ಚಿಯೊಂದರ ನಡುವೆ ತೂತು ಕೊಯ್ಯಿಸಿ, ಕುಕ್ಕರುಗಾಲಲ್ಲಿ ಕೂರುವ ಕಷ್ಟ ತಪ್ಪಿಸಿದರು. ಕೆಂದಿಯನ್ನು ನೋಡಿಕೊಳ್ಳುವ ಕೆಲಸ ಹಳ್ಳಿಯ ಪಕ್ಕದ ಮನೆಯ ವೆಂಕಟಮ್ಮನಿಗೆ ಬಿತ್ತು. ವೆಂಕಟಮ್ಮ ಅಜ್ಜಿಯ ಓರಗಿತ್ತಿ, ತಾತನ ತಮ್ಮನ ಹೆಂಡತಿ. ಇಬ್ಬರೂ ಸೊಸೆಯರಾಗಿ ಬಂದ ದಿನದಿಂದ ಒಬ್ಬರ ಸಾರಿಗೆ ಇನ್ನೊಬ್ಬರು ಉಪ್ಪು ಕಡಿಮೆ ಎಂದು ಹೇಳುತ್ತಾ ಬಂದವರು.

ನನ್ನ ರಜೆ ಮುಗಿಯಿತು. ಬೆಳಗಿನ ಗಾಡಿಗೆ ಬಂಗಾರಪೇಟೆ, ಸಂಜೆ ವಾಪಸ್ಸು. ಅಮ್ಮ ಬರುವುದು ಮಧ್ಯಾಹ್ನ ದಾಟಿದ ಮೇಲೆ. ಅಷ್ಟು ಹೊತ್ತು ಅಜ್ಜಿಯ ಹತ್ತಿರ ಇರಲು ಒಪ್ಪಿಕೊಂಡವಳು ಪಕ್ಕದ ಮನೆಯ ಸೆಲ್ವಿ. ಮೂವತ್ತರ ಆಸುಪಾಸು. ಗಂಡ ಗಣಿಗೆ ಇಳಿಯುವವನು. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಿರಲಿಲ್ಲ. ಅವಳ ತಾಯಿ ಗಣಿ ಕೂಲಿಗಳ ಲೈನುಮನೆಗಳಲ್ಲಿ ಬಾಣಂತನ ಮಾಡಿಸುತ್ತಿದ್ದವಳು. ಸೆಲ್ವಿ ಚಿಕ್ಕವಳಿದ್ದಾಗಿಂದ ಆ ಕೆಲಸ ನೋಡುತ್ತಾ ಬೆಳೆದಿದ್ದಳು.

ಒಂದು ಸಂಜೆ ಮನೆಗೆ ಬರುವಾಗ ಬಾಗಿಲಲ್ಲೇ ಬೆಳ್ಳುಳ್ಳಿ ಎಣ್ಣೆಯ ಆ ವಾಸನೆ. ಒಳಗೆ ಕಿಟಕಿಗಳೆಲ್ಲ ಮುಚ್ಚಿ ಕತ್ತಲೆ. ಸಾಂಬ್ರಾಣಿ ಹೊಗೆ. ಅಜ್ಜಿಯ ತಲೆಗೆ, ಕಿವಿ ಮುಚ್ಚುವಂತೆ ಬಿಗಿಯಾಗಿ ಬಟ್ಟೆ ಕಟ್ಟಿದೆ. ಕಿವಿಯಲ್ಲಿ ಹತ್ತಿ. ಮಂಡಿಯ ಕೆಳಗೆ ಒಂದಲ್ಲ, ಎರಡು ದಿಂಬು, ಮೀನಖಂಡಕ್ಕೆ ನೀವಿದ ಎಣ್ಣೆ. ವಾಕರ್ ಮೂಲೆಯಲ್ಲಿ, ಅದರ ಮೇಲೆ ಸೀರೆ ಒಣಗುತ್ತಿದೆ. ಅಮ್ಮ ಬಂದ ಮೇಲೂ ತನ್ನ ಮನೆಗೆ ಹೋಗದ ಸೆಲ್ವಿ ಮೆಣಸು ಬೆಳ್ಳುಳ್ಳಿ ಸಾರನ್ನವನ್ನು ಕೈತುತ್ತು ಹಾಕುತ್ತಿದ್ದಾಳೆ. ಅಜ್ಜಿ, ಯಾರ ಕೈಯಿಂದಲೂ ಎಂದೂ ತಿನ್ನದ ನಮ್ಮಜ್ಜಿ, ಹಕ್ಕಿಮರಿಯಂತೆ ಬಾಯಿ ತೆರೆದಿದ್ದಾಳೆ.

"ಏನಿದು?" ಎಂದೆ.

"ಪಚ್ಚೆ ಉಡಂಬು ಶಾಂತಾ" ಎಂದಳು ಸೆಲ್ವಿ. ಅಜ್ಜಿ ಅವಳ ಬಾಯಲ್ಲಿ ಪಾಟಿ. "ಗಾಳಿ ತಾಕಬಾರ್ದು. ಪಾಟಿ ಎದ್ದು ಗಿದ್ದು ಓಡಾಡಬಾರ್ದು."

"ಅದೇ ಕಣೇ, ಅಸಿ ಮೈ" ಎಂದಳು ಅಜ್ಜಿ, ತುತ್ತು ನುಂಗುತ್ತಾ. ಒಬ್ಬಳದು ತಮಿಳು, ಒಬ್ಬಳದು ಕನ್ನಡ; ಹೆತ್ತವಳ ಹಸಿ ಮೈಯ ವಿಷಯದಲ್ಲಿ ಇಬ್ಬರಿಗೂ ಒಂದೇ ಮತ. ಕೊಯ್ದದ್ದು ಹೊಟ್ಟೆಯಾದರೇನು, ಮಂಡಿಯಾದರೇನು, ರಕ್ತ ಹೋದ ಹೆಂಗಸು ಬಾಣಂತಿಯೇ ಎಂದು ಅವರಿಬ್ಬರೂ ನಾನಿಲ್ಲದ ಹೊತ್ತಿನಲ್ಲಿ ತೀರ್ಮಾನಿಸಿಬಿಟ್ಟಿದ್ದರು.

ನಾನು ವಾದಕ್ಕೆ ನಿಂತೆ. ಹೆತ್ತ ಮೈಗೆ ವಿಶ್ರಾಂತಿ ಬೇಕು, ಸರಿ. ಮಂಡಿ ಏನನ್ನು ಹೆತ್ತಿದೆ? ಕೀಲು ಆಡದೆ ಬಿದ್ದಿದ್ದರೆ ಸುತ್ತಲ ಮಾಂಸ ಗಟ್ಟಿಯಾಗುತ್ತದೆ. ಗಾಯವೇನೋ ಮಾಯುತ್ತದೆ, ಕಾಲು ಮರದ ಕೊರಡಾಗುತ್ತದೆ. ಮೀನಖಂಡಕ್ಕೆ ಎಣ್ಣೆ ಹಾಕಿ ನೀವಿದರೆ ಒಳಗೆ ಹೆಪ್ಪುಗಟ್ಟಿದ ರಕ್ತವೇನಾದರೂ ಇದ್ದು ಮೇಲೆ ಹೋದರೆ ಜೀವಕ್ಕೇ ಸಂಚಕಾರ. ಗಾಯದ ಹತ್ತಿರ ಸೆಲ್ವಿ ಕೈ ಹಾಕಿರಲಿಲ್ಲ, ಅಷ್ಟನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪುವುದಿಲ್ಲ. ಇಷ್ಟನ್ನೂ ನಾನು ಚೆನ್ನಾಗಿಯೇ ಹೇಳಿದೆ. ನಿರ್ಣಾಯಕರಿದ್ದಿದ್ದರೆ ಗಂಟೆ ಬಾರಿಸುವ ಮೊದಲೇ ತೀರ್ಪು ಕೊಡುತ್ತಿದ್ದರು.

ಅಜ್ಜಿ ಎಲ್ಲ ಕೇಳಿಸಿಕೊಂಡು, ಕಿವಿಯ ಹತ್ತಿ ಸರಿ ಮಾಡಿಕೊಂಡು, "ನಿಂಗೆ ಒಟ್ಟೆಕಿಚ್ಚು ಕಣೇ" ಎಂದಳು.

ಹೌದು, ಹೊಟ್ಟೆಕಿಚ್ಚು. ಅದನ್ನು ನಾನು ಅಲ್ಲಗಳೆಯಲಿಲ್ಲ. ಆ ತುತ್ತು, ಆ ಬಾಯಿ ತೆರೆದ ರೀತಿ, "ಸೆಲ್ವೀ, ಬಂದೇನಮ್ಮಾ" ಎಂದು ಅಜ್ಜಿ ಎಳೆದು ಕರೆಯುವ ರಾಗ, ಎಲ್ಲದರ ಮೇಲೂ ನನಗೆ ಕಿಚ್ಚು. ಗಾಡಿಯಲ್ಲಿ ಕೂತು ಕೋರಮಂಡಲ್ ಸ್ಟೇಷನ್ ದಾಟುವಾಗ, ಈಗ ಅವಳ ಕಾಲ ಹತ್ತಿರ ಇವಳು ಕೂತಿರುತ್ತಾಳೆ ಎಂಬ ಯೋಚನೆಗೆ ಪುಸ್ತಕದ ಸಾಲು ತಲೆಗೆ ಹತ್ತುತ್ತಿರಲಿಲ್ಲ. ಆದರೆ ನನ್ನ ಪ್ರಶ್ನೆ ಬೇರೆ. ಹೊಟ್ಟೆಕಿಚ್ಚಿನವಳು ಹೇಳಿದ ಮಾತ್ರಕ್ಕೆ ಮಾತು ಸುಳ್ಳಾಗುತ್ತದೆಯೇ? ಮನೆಗೆ ಬೆಂಕಿ ಬಿದ್ದಿದೆ ಎಂದು ಶತ್ರುವೇ ಕೂಗಿದರೂ ಬೆಂಕಿ ಬೆಂಕಿಯೇ ತಾನೆ? ಈ ಪ್ರಶ್ನೆಯನ್ನು ಅಪ್ಪನಿಗೆ ಕೇಳಿದೆ. ಅಪ್ಪ ಶಿಫ್ಟಿನಿಂದ ಬಂದು ಬೂಟು ಬಿಚ್ಚುತ್ತಿದ್ದರು. "ಸರೀನೇ. ಆದ್ರೆ ಶತ್ರು ಕೂಗ್ದಾಗ ಯಾರೂ ಬಿಂದಿಗೆ ತಕಂಡು ಓಡಲ್ಲ ಮಗಾ" ಎಂದರು.

ಒಂದು ಭಾನುವಾರ ಸೆಲ್ವಿ ಇಲ್ಲದಾಗ ನಾನೇ ದಿಂಬು ಕಿತ್ತು ಮಂಡಿ ಬಗ್ಗಿಸಹೋದೆ. ಅಜ್ಜಿ ಕಿರುಚಿದಳು. ಬಿಟ್ಟೆ. ಅವಳು ಕಣ್ಣೊರೆಸಿಕೊಂಡು, ಜಗಳದ ದನಿಯಲ್ಲಲ್ಲ, ತೀರಾ ಸಾದಾ ದನಿಯಲ್ಲಿ ಹೇಳಿದಳು: "ನಿಮ್ಮಪ್ಪ ಉಟ್ಟಿ ವಾರಾನೂ ಆಗಿರ್ಲಿಲ್ಲ, ಅಸಾ ಕರ್ಯಕ್ಕೆ ಓದೆ. ನಮ್ಮತ್ತೆ, ಹಾಲು ಕೆಟ್ಟೋಗ್ತದೆ ಏಳು ಅಂದ್ಲು. ಐದ್ ಎತ್ತೆ ಕಣೇ ಶಾಂತಾ, ಎರಡು ಮಣ್ಣಿಗಾಕ್ದೆ. ಒಂದ್ ಸಲಾನಾದ್ರೂ ಯಾರೂ ನನ್ ತಲೆಗೊಂದು ಬಟ್ಟೆ ಕಟ್ಟಿ, ಮಲಿಕ್ಕೋ ಅಂತ ಅನ್ನಲಿಲ್ಲ. ಈಗ ಒಬ್ಳು ಅಂತವ್ಳೆ. ಅದ್ನೂ ಬ್ಯಾಡ ಅಂತೀಯಲ್ಲ."

ಕಿತ್ತ ದಿಂಬನ್ನು ಕೈಯಲ್ಲಿ ಹಿಡಿದು ನಿಂತೆ. ಹೊರಗೆ ಗಾಳಿ ದಿಬ್ಬದ ಪುಡಿಯನ್ನು ಕಿಟಕಿಗೆ ಎರಚುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ನಾನು ಕೊಡಬಹುದಾಗಿದ್ದದ್ದಲ್ಲ, ಸೆಲ್ವಿ ಕೊಡುತ್ತಿದ್ದದ್ದು. ಇದು ತಿಳಿದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು.

ಡಾಕ್ಟರಿಗೆ ತೋರಿಸಲು ಬೆಂಗಳೂರಿಗೆ ಹೋಗುವ ದಿನ ಬಂತು. ಸೆಲ್ವಿಯೂ ಬರಬೇಕೆಂದು ಅಜ್ಜಿಯ ಹಟ. ಡಾಕ್ಟರು ಕಾಲು ಹಿಡಿದು ನೋಡಿದರು. ಗಾಯ ಚೆನ್ನಾಗಿ ಮಾಯ್ದಿತ್ತು. ಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂರುವಷ್ಟೂ ಬಗ್ಗುತ್ತಿರಲಿಲ್ಲ. "ವ್ಯಾಯಾಮ ಮಾಡಿಸ್ತಿಲ್ವಾ?" ಎಂದರು. ನನ್ನ ಭಾಷಣ ಸಿದ್ಧವಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ಸೆಲ್ವಿ ಮುಂದೆ ಬಂದು, "ನಾನೇ ಸಾರ್, ಬ್ಯಾಡ ಅಂತ ಮಲಗಿಸ್ದೆ. ಶಾಂತಾ ಹೇಳಿದ್ಳು, ನಾನು ಕೇಳಲಿಲ್ಲ" ಎಂದು ಅತ್ತೇಬಿಟ್ಟಳು. ಡಾಕ್ಟರು ಬೈಯಲಿಲ್ಲ. ನೀವಿದ್ದಕ್ಕೆ ಏನೂ ಆಗದೆ ಇದ್ದದ್ದು ನಿಮ್ಮ ಪುಣ್ಯ ಎಂದರು, ಇನ್ನು ಬೇಡ ಎಂದರು. ಮುಂದಿನ ಭೇಟಿಯೊಳಗೆ ಬಗ್ಗದಿದ್ದರೆ ಮತ್ತೆ ಅಮಲು ಕೊಟ್ಟು ಬಲವಂತವಾಗಿ ಬಗ್ಗಿಸಬೇಕಾಗುತ್ತದೆ, ತಡ ಮಾಡಿದಷ್ಟೂ ಕಷ್ಟ ಎಂದರು. ಗೆದ್ದದ್ದು ನಾನು. ಆದರೆ ಅಜ್ಜಿಯ ಕೈ ಸವರುತ್ತಿದ್ದದ್ದು ಸೆಲ್ವಿಯ ಬೆನ್ನನ್ನು. "ಅಳ್ಬ್ಯಾಡಮ್ಮ, ನೀನೇನ್ ಮಾಡ್ತೀಯ. ಬಗ್ಗದಿದ್ರೆ ಬ್ಯಾಡ ಬಿಡು, ನಂಗಿನ್ನೆಷ್ಟು ಕಾಲ."

ಆ ಮಾತು ನನ್ನನ್ನು ಹೆದರಿಸಿತು. ದಿಂಬನ್ನು ತೆಗೆಸಬಹುದು, ಸೆಲ್ವಿಯನ್ನು ಒಪ್ಪಿಸಬಹುದು. ಬ್ಯಾಡ ಬಿಡು ಎನ್ನುವವಳ ಮಂಡಿಯನ್ನು ಬಗ್ಗಿಸುವುದು ಹೇಗೆ?

ಮರುದಿನ ಬಂಗಾರಪೇಟೆಯಿಂದ ಬಸ್ಸು ಹತ್ತಿ ಹಳ್ಳಿಗೆ ಹೋದೆ. ಅಜ್ಜಿಯ ಮನೆ ಗುಡಿಸಿ ಬರುವುದು ಅಂತ ನೆಪ, ನೋಡಬೇಕಾಗಿದ್ದದ್ದು ಕೆಂದಿಯನ್ನು. ಕೊಟ್ಟಿಗೆಯಲ್ಲಿ ವೆಂಕಟಮ್ಮ ಹಾಲು ಕರೆಯುತ್ತಿದ್ದಳು. ಕೆಂದಿ ಸಾಮಾನ್ಯದ ಹಸುವಲ್ಲ. ಅಜ್ಜಿಯ ಹೊರತು ಯಾರು ಕರೆಯಲು ಕೂತರೂ ಹಿಂಗಾಲು ಕಟ್ಟಬೇಕು. ಕಟ್ಟಿದರೂ ತಂಬಿಗೆ ಒದೆಯದೆ ಬಿಡುತ್ತಿರಲಿಲ್ಲ. ಆ ಹೊತ್ತು ಹಿಂಗಾಲಿಗೆ ಹಗ್ಗ ಇರಲಿಲ್ಲ. ಕರೆದು ಎದ್ದ ವೆಂಕಟಮ್ಮ ಮುಂದೆ ಬಂದು ನಿಂತಳು, ಕೆಂದಿ ಕತ್ತು ಚಾಚಿ ಅವಳ ಭುಜ ನೆಕ್ಕಿತು. "ನೋಡ್ದಾ ಶಾಂತಾ? ನಿಮ್ಮಜ್ಜಿ ನೋಡಿದ್ರೆ ಒಟ್ಟೆ ಒಡ್ಕಂಡು ಸಾಯ್ತಾಳೆ" ಎಂದು ವೆಂಕಟಮ್ಮ ಹಲ್ಲು ಬಿಟ್ಟಳು. ಅವಳ ಮುಖದಲ್ಲಿ ಇಷ್ಟು ವರ್ಷದ ಉಪ್ಪು ಕಡಿಮೆ ಸಾರಿನ ಲೆಕ್ಕವೆಲ್ಲ ಚುಕ್ತಾ ಆಗಿತ್ತು.

ಸಂಜೆ ಉರಿಗಾಂನಲ್ಲಿ ಅಜ್ಜಿಯ ಮಂಚದ ತುದಿಯಲ್ಲಿ ಕೂತು, ಕೇಳದಿದ್ದರೂ ಹೇಳಿದೆ. ಒಂದು ಅಕ್ಷರ ಸುಳ್ಳು ಸೇರಿಸಲಿಲ್ಲ. ಸೇರಿಸುವ ಅಗತ್ಯವೂ ಇರಲಿಲ್ಲ. ತನ್ನದು ಎಂದುಕೊಂಡ ಜೀವ ಇನ್ನೊಬ್ಬರ ಕಡೆ ಕತ್ತು ಚಾಚಿದರೆ ಒಳಗೆ ಎಲ್ಲಿ ಉರಿಯುತ್ತದೆ, ಯಾವ ವಿವರಕ್ಕೆ ಎಷ್ಟು ಉರಿಯುತ್ತದೆ ಎಂಬುದು ಆ ಆಷಾಢದಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ವಿವರಗಳನ್ನೇ ಆರಿಸಿ ಒಂದೊಂದಾಗಿ ಕೊಟ್ಟೆ.

"ಇಂಗಾಲು ಕಟ್ಟದೇನೇ ನಿಂತ್ಕಂತಾ?" ಎಂದಳು ಅಜ್ಜಿ.

"ಕಟ್ಟದೇನೇ."

"ಯಾವ್ ಭುಜ ನೆಕ್ತು?"

"ಬಲಭುಜ. ಎರಡು ಸಲ."

ಅಜ್ಜಿ ತಲೆಯ ಬಟ್ಟೆ ಬಿಚ್ಚಿದಳು. ಕಿವಿಯ ಹತ್ತಿ ತೆಗೆದು ನೆಲಕ್ಕೆ ಎಸೆದಳು. "ಆ ಮುಂಡೇದು! ನಾನು ಬೂಸಾ ಇಕ್ಕಿ ಸಾಕಿದ್ದು, ಅವ್ಳ ಭುಜ ನೆಕ್ತದಾ!" ಬೈದದ್ದು ಹಸುವನ್ನೋ ಓರಗಿತ್ತಿಯನ್ನೋ ತಿಳಿಯಲಿಲ್ಲ. "ಲೇ, ಆ ದಿಂಬು ತೆಗ್ಯೇ. ನಿಮ್ ಡಾಕ್ಟ್ರು ಎಷ್ಟು ಬಗ್ಗಬೇಕು ಅಂದ? ಅಷ್ಟು ಬಗ್ಗಿಸು."

ನನ್ನ ಗೆಲುವು ಆ ರಾತ್ರಿ ಮಲಗುವವರೆಗೆ ಬಾಳಿತು. ಬೆಳಗ್ಗೆ ಮಾತ್ರೆ ಕೊಟ್ಟು, ಮಂಚದ ಅಂಚಿನಲ್ಲಿ ಕೂರಿಸಿ, ಕಾಲು ಕೆಳಗೆ ಬಿಡಿಸಿ, ಒಳ್ಳೇ ಕಾಲಿನಿಂದ ಹೊಸ ಕಾಲನ್ನು ಹಿಂದಕ್ಕೆ ಒತ್ತುವುದನ್ನು ತೋರಿಸಿದೆ. ನಾನು ಕಾಲು ಹಿಡಿದ ತಕ್ಷಣ ಅಜ್ಜಿ, "ಬುಡು ಬುಡು, ನಿನ್ ಕೈ ಕಲ್ಲಿದ್ದಂಗದೆ. ಸೆಲ್ವೀನ ಕರಿ" ಎಂದಳು. ಅಲ್ಲಿಗೆ ಮುಗಿಯಿತು. ಪಾಠ ನನ್ನದು, ಕಾಲು ಸೆಲ್ವಿಯದು. ಸೆಲ್ವಿ ನನ್ನ ಹತ್ತಿರ ಒಂದೊಂದನ್ನೂ ಕೇಳಿ ಕಲಿತಳು: ಹಿಮ್ಮಡಿ ಕೆಳಗೆ ಬಟ್ಟೆ ಸುರುಳಿ ಇಟ್ಟು ಮಂಡಿಯನ್ನು ಹಾಸಿಗೆಗೆ ಒತ್ತಿಸುವುದು, ಆಮೇಲೆ ಐಸಿಡುವುದು, ಕೋಲನ್ನು ಆಪರೇಷನ್ ಆದ ಕಾಲಿನ ಕಡೆಗಲ್ಲ, ಇನ್ನೊಂದು ಕೈಯಲ್ಲಿ ಹಿಡಿಸುವುದು, ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಹೊಸ ಕಾಲು ಮೊದಲು. "ಒಣ್ಣು, ರೆಂಡು, ಇನ್ನೂ ಚೂರು ಪಾಟಿ, ನನ್ ಕಣ್ಣಲ್ವಾ" ಎಂದು ಅವಳು ಎಣಿಸುತ್ತಿದ್ದರೆ, ನೋವಿಗೆ ಹಲ್ಲು ಕಚ್ಚಿದ ಅಜ್ಜಿ "ಕೆಂದೀ, ನಿನ್ ಮನೆ ಆಳಾಗ" ಎಂದು ಶಾಪ ಹಾಕುತ್ತಾ ಬಗ್ಗಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, "ಹಿಮ್ಮಡಿ ಎತ್ತಬೇಡ" ಎಂಬಂಥ ತಿದ್ದುಪಡಿಗಳನ್ನು ಹೇಳುತ್ತಿದ್ದೆ. ಯಾರೂ ನನ್ನ ಕಡೆ ತಿರುಗುತ್ತಿರಲಿಲ್ಲ.

ಮುಂದಿನ ಭೇಟಿಗೆ ಡಾಕ್ಟರು ಮಂಡಿ ನೋಡಿ, ಇನ್ನು ಅಮಲಿನ ಮಾತಿಲ್ಲ ಎಂದರು. ಕುಕ್ಕರುಗಾಲು, ಚಕ್ಕಂಬಕ್ಕಳ ಮಾತ್ರ ಬೇಡವೇ ಬೇಡ ಎಂದರು. ಗೌರಿ ಹಬ್ಬಕ್ಕೆ ಅಜ್ಜಿ ಹಳ್ಳಿಗೆ ಹೋದಳು. ಅಪ್ಪ ಮಾಡಿಸಿಕೊಟ್ಟ ಎತ್ತರದ ಸ್ಟೂಲಿನ ಮೇಲೆ ಕೂತಳು. ತಂಬಿಗೆಯನ್ನು ಮಂಡಿಗಳ ನಡುವೆ ಸಿಕ್ಕಿಸುವಂತಿರಲಿಲ್ಲ, ಇನ್ನೊಂದು ಸ್ಟೂಲಿನ ಮೇಲಿಟ್ಟಳು. ಕೆಂದಿ ಈ ಹೊಸ ವೇಷವನ್ನು ತಿರುಗಿ ನೋಡಿ, ಒಂದೇ ಸಲ ಒದ್ದು ತಂಬಿಗೆ ಉರುಳಿಸಿತು. ಗೋಡೆಯಾಚೆಯಿಂದ ವೆಂಕಟಮ್ಮ ನಕ್ಕದ್ದು ಕೇಳಿಸಿತು. ಅಜ್ಜಿ ಎದ್ದು, ಕೋಲು ಊರಿಕೊಂಡು ಹೋಗಿ ತಂಬಿಗೆ ತಂದು, ಮತ್ತೆ ಕೂತಳು. ದೀಪಾವಳಿಯ ಹೊತ್ತಿಗೆ ಹಗ್ಗ ಬೇಕಾಗುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಗೆದ್ದಂತೆ ಕಾಣುತ್ತದೆ. ಆದರೆ ನಡೆದದ್ದನ್ನೆಲ್ಲ ಹೇಳಬೇಕು.

ಮರುವರ್ಷ ಸೆಲ್ವಿ ಹೆತ್ತಳು. ಹೆಣ್ಣುಮಗು. ಅವಳ ತಾಯಿ ಅಷ್ಟರಲ್ಲಿ ತೀರಿಹೋಗಿದ್ದಳು. ಸುದ್ದಿ ಹಳ್ಳಿಗೆ ಮುಟ್ಟಿದ ಮರುದಿನವೇ ಅಜ್ಜಿ ಹೊರಟಳು. ಕೆಂದಿಯ ಹಗ್ಗವನ್ನು ತಾನೇ ಹೋಗಿ ವೆಂಕಟಮ್ಮನ ಕೈಗೆ ಕೊಟ್ಟಳಂತೆ: "ನೋಡ್ಕೋ. ಭುಜಾನಾದ್ರೂ ನೆಕ್ಕಿಸ್ಕೋ, ಏನಾದ್ರೂ ಮಾಡ್ಕೋ. ನಮ್ ಸೆಲ್ವಿ ಅಸಿ ಮೈಲವ್ಳೆ."

ನಾನು ಕಾಲೇಜಿನಿಂದ ಸ್ಟೇಷನ್ನಿಗೆ ಬಂದಾಗ ಅವಳು ಮೇಲುಸೇತುವೆಯ ಕೆಳಗೆ ನಿಂತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಮೆಣಸು, ತಲೆಗೆ ಕಟ್ಟಲು ಮೆತ್ತನೆಯ ಹಳೇ ಸೀರೆಯ ತುಂಡು.

"ನನ್ನ ಬಾಣಂತನಕ್ಕೂ ಹಿಂಗೇ ಓಡಿ ಬರ್ತೀಯಾ ಅಜ್ಜಿ?" ಎಂದೆ. ನಗುತ್ತಾ ಹೇಳಬೇಕೆಂದಿದ್ದೆ, ದನಿ ಬೇರೆಯೇ ಬಂತು.

"ಮೊದ್ಲು ಯಾವನ್ಗಾದ್ರೂ ಒಂದ್ ಮಾತಾಡಕ್ಕೆ ಬುಟ್ಟು ಮದ್ವೆ ಮಾಡ್ಕೋ. ಆಮೇಲ್ ನೋಡಾನ" ಎಂದು ಬುಟ್ಟಿಯನ್ನು ನನ್ನ ಕೈಗೆ ತುರುಕಿದಳು.

ಮೇಲುಸೇತುವೆ ಹತ್ತತೊಡಗಿದಳು. ಒಳ್ಳೇ ಕಾಲು ಮೊದಲು, ಹೊಸ ಕಾಲು ಅದರ ಹಿಂದೆ, ನಾನು ಹೇಳಿಕೊಟ್ಟ ಹಾಗೆಯೇ, ಒಂದು ಮೆಟ್ಟಿಲೂ ತಪ್ಪದೆ. ಮಂಡಿ ಎಷ್ಟು ಸಲೀಸಾಗಿ ಬಗ್ಗುತ್ತಿತ್ತೆಂದರೆ, ಅದು ಬಗ್ಗದೇ ಇದ್ದ ಕಾಲವೊಂದಿತ್ತು ಎಂದರೆ ಯಾರೂ ನಂಬುತ್ತಿರಲಿಲ್ಲ. ಆಚೆ ಪ್ಲಾಟ್‌ಫಾರಂನಲ್ಲಿ ಉರಿಗಾಂಗೆ ಹೋಗುವ ಗಾಡಿ ಬಂದು ನಿಂತಿತ್ತು. "ನಿಧಾನಕ್ಕೆ ಹೋಗಜ್ಜೀ" ಎಂದು ಕೂಗಿದೆ. ಅವಳು ತಿರುಗಿ ನೋಡಲಿಲ್ಲ. ಸೆಲ್ವಿಯ ಎಣ್ಣೆಯನ್ನು ಎದೆಗವಚಿ ಹಿಡಿದುಕೊಂಡು ನಾನು ಅವಳ ಹಿಂದೆ ಹತ್ತಿದೆ.